ಲಕ್ಷಣ ಗುರುತಿಸುವುದು ಬೇರೆ, ಚಿಕಿತ್ಸೆಗೆ ಹೋಗುವುದು ಬೇರೆ

ಪರೀಕ್ಷೆಯಲ್ಲಿ ‘ಮಾನಸಿಕ ಆರೋಗ್ಯ ಸಾಕ್ಷರತೆ’ ಬಗ್ಗೆ ಟಿಪ್ಪಣಿ ಬರೆಯಿರಿ ಅಂದರೆ ನಮ್ಮಲ್ಲಿ ಬಹಳ ಜನ ‘ಜನರಲ್ಲಿ ಅರಿವು ಮೂಡಿಸುವುದು’ ಎಂದು ಬರೆದು ಮುಗಿಸುತ್ತಾರೆ. ಅಷ್ಟು ಸಾಲದು. ಅದರೊಳಗೆ ಎರಡು ಪ್ರಶ್ನೆಗಳಿವೆ. ಲಕ್ಷಣ ಕಂಡಾಗ ಇದು ಕಾಯಿಲೆ ಎಂದು ಗೊತ್ತಾಗುತ್ತದೆಯೇ? ಗೊತ್ತಾದ ಮೇಲೆ ಯಾರ ಹತ್ತಿರ ಹೋಗುತ್ತಾರೆ?

ಈ ಪದವನ್ನು 1997ರಲ್ಲಿ ಚಾಲ್ತಿಗೆ ತಂದವರು ಆಸ್ಟ್ರೇಲಿಯಾದ ಆಂಟನಿ ಜಾರ್ಮ್ ಮತ್ತು ಸಂಗಡಿಗರು. ಅವರ ಸಮೀಕ್ಷೆಯ ಜಾಣತನ ಪ್ರಶ್ನೆ ಕೇಳಿದ ರೀತಿಯಲ್ಲಿದೆ. ರೋಗದ ಹೆಸರನ್ನೇ ಎತ್ತದೆ ಸಾಮಾನ್ಯ ಜನರಿಗೆ ಒಬ್ಬರ ಸ್ಥಿತಿಯನ್ನು ವಿವರಿಸಿದರು: ಕೆಲವು ವಾರಗಳಿಂದ ಬೇಸರ, ಸುಸ್ತು, ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಇವರಿಗೆ ಏನಾಗಿದೆ ಎಂದು ಕೇಳಿದರು. ಖಿನ್ನತೆ ಎಂದು ಗುರುತಿಸಿದವರು ಶೇ. 39. ಸ್ಕಿಜೋಫ್ರೇನಿಯಾದ (ಇಲ್ಲದ ದನಿ ಕೇಳಿಸುವ, ಭ್ರಮೆ ಕಾಡುವ ತೀವ್ರ ಮಾನಸಿಕ ಕಾಯಿಲೆ) ವಿವರಣೆ ಕೇಳಿ ಅದನ್ನು ಗುರುತಿಸಿದವರು ಶೇ. 27 ಮಾತ್ರ. ‘ಖಿನ್ನತೆ ಅಂದರೆ ಗೊತ್ತಾ?’ ಎಂದು ನೇರವಾಗಿ ಕೇಳಿದ್ದರೆ ಹೆಚ್ಚಿನವರು ಸುಮ್ನೆ ಹೂಂ ಅಂದುಬಿಡುತ್ತಿದ್ದರು, ಅಲ್ವಾ?

ಎರಡನೇ ಪ್ರಶ್ನೆಗೆ ಬಂದ ಉತ್ತರ ಇನ್ನೂ ಮುಖ್ಯ. ಖಿನ್ನತೆಯ ಮಾತ್ರೆಯಿಂದ ಒಳ್ಳೆಯದಾಗುತ್ತದೆ ಅಂದವರಿಗಿಂತ ಕೆಟ್ಟದಾಗುತ್ತದೆ ಅಂದವರೇ ಜಾಸ್ತಿ. ವಿಟಮಿನ್ ಮಾತ್ರೆಯ ಮೇಲೆ ಅದಕ್ಕಿಂತ ಹೆಚ್ಚು ನಂಬಿಕೆ ಇತ್ತು! ಕಾಯಿಲೆ ಗುರುತಾದರೂ ಔಷಧಿಯ ಭಯ ಇದ್ದರೆ ಕಾಲು ಆಸ್ಪತ್ರೆಯ ಕಡೆ ಹೋಗುವುದಿಲ್ಲ.

ನಮ್ಮ ದೇಶಕ್ಕೆ ಬಂದರೆ, 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಚಿಕಿತ್ಸೆ ಬೇಕಿದ್ದೂ ಸಿಗದವರ ಪ್ರಮಾಣ ಬಹುತೇಕ ಕಾಯಿಲೆಗಳಲ್ಲಿ ಶೇ. 70ಕ್ಕಿಂತ ಹೆಚ್ಚು. ಇದಕ್ಕೆ ಅರಿವಿನ ಕೊರತೆ ಒಂದೇ ಕಾರಣ ಎಂದು ಬರೆಯಬೇಡಿ. ವೈದ್ಯರ ಕೊರತೆ, ದೂರ, ಖರ್ಚು, ‘ಯಾರಾದರೂ ನೋಡಿದರೆ ಹುಚ್ಚು ಅಂತಾರೆ’ ಎಂಬ ಹೆದರಿಕೆ, ಎಲ್ಲವೂ ಸೇರಿವೆ.

ಇನ್ನೊಂದು ವಿಷಯ. ನಮ್ಮಲ್ಲಿ ಎಷ್ಟೋ ಜನ ‘ಮನಸ್ಸು ಸರಿಯಿಲ್ಲ’ ಎಂದು ಬರುವುದಿಲ್ಲ. ತಲೆನೋವು, ಎದೆ ಭಾರ, ಗ್ಯಾಸ್, ಕೈಕಾಲು ಸೆಳೆತ ಎಂದು ಹತ್ತಿರದ ಡಾಕ್ಟರಿಗೆ ತೋರಿಸುತ್ತಾರೆ. ಹಾಗಾಗಿ ಲಕ್ಷಣ ಗುರುತಿಸಲು ಆ ಡಾಕ್ಟರಿಗೂ ಬರಬೇಕು. 1980ರ ದಶಕದ ಬಳ್ಳಾರಿ ಪ್ರಯೋಗ ಇಲ್ಲಿ ಒಳ್ಳೆಯ ಉದಾಹರಣೆ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ನಿಮ್ಹಾನ್ಸ್ ತರಬೇತಿ ಕೊಟ್ಟಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇದರ ಜೊತೆ 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಬಗ್ಗೆಯೂ ಬರೆಯಿರಿ. 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆ ಬಾಗಿಲಲ್ಲಿ ಯಾರಾದರೂ ನೋಡುತ್ತಾರೆಂಬ ಅಂಜಿಕೆ ಇಲ್ಲ.

ಸಮೀಕ್ಷೆಯ ಅಂಕಿ ಓದುವಾಗ ಒಂದು ಎಚ್ಚರ ಇರಲಿ. ‘ಇಂಥ ತೊಂದರೆ ಬಂದರೆ ವೈದ್ಯರ ಹತ್ತಿರ ಹೋಗುತ್ತೀರಾ?’ ಎಂಬುದಕ್ಕೆ ಸಿಗುವ ಉತ್ತರ ಇಚ್ಛೆಯನ್ನು ತೋರಿಸುತ್ತದೆ, ನಡೆಯನ್ನಲ್ಲ. ಎಷ್ಟು ಜನ ನಿಜವಾಗಿ ಹೋದರು ಎಂಬುದನ್ನು ಬೇರೆಯಾಗಿಯೇ ಕೇಳಬೇಕು.