ಎಸ್ಪ್ರೆಸೋ ಶಾಟ್ ಟೈಮಿಗೆ ಸರಿಯಾಗಿ ಇಳಿಯಬೇಕಾದರೆ: ಗ್ರೈಂಡ್ ಬಗ್ಗೆ ಟಿಪ್ಪಣಿ

ಎಸ್ಪ್ರೆಸೋ ಅಂದರೆ ಯಂತ್ರದ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ, ಒಂದು ಸಲ ಇಳಿಸಿದ್ದು ಒಂದು ಶಾಟ್. 18 ಗ್ರಾಂ ಪುಡಿ, ಕಪ್ಪಿಗೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡ್. ಶುರುಮಾಡಲು ಇಷ್ಟು ಸಾಕು. ಬಾಸ್ಕೆಟ್ (ಪುಡಿ ತುಂಬುವ, ತಳದಲ್ಲಿ ತೂತಿರುವ ಬಟ್ಟಲು) ಚಿಕ್ಕದಿದ್ದರೆ 15 ಹಾಕಿ 30 ಇಳಿಸಿ, ಲೆಕ್ಕ ಅದೇ. ಟೈಮನ್ನು ಪಂಪ್ ಶುರುವಾದಾಗಿನಿಂದ ಎಣಿಸಿದರೂ ಸರಿ, ಮೊದಲ ಹನಿಯಿಂದ ಎಣಿಸಿದರೂ ಸರಿ, ದಿನಕ್ಕೊಂದು ಥರ ಮಾಡಬೇಡಿ ಅಷ್ಟೇ.

ಈ ಮೂರರಲ್ಲಿ ಎರಡು ತೂಕಗಳನ್ನು ಬದಲಿಸಲೇಬೇಡಿ. ಕಣ್ಣಳತೆ ಬೇಡ, ಕಾಫಿಯ ಮೇಲಿನ ನೊರೆ, ಅಂದರೆ ಕ್ರೆಮಾ, ಉಬ್ಬಿ ಮೋಸ ಮಾಡುತ್ತದೆ, ಕಪ್ಪಿನ ಕೆಳಗೆ ಸ್ಕೇಲ್ ಇಡಿ. ಆಮೇಲೆ ಮುಟ್ಟುವುದು ಗ್ರೈಂಡರ್ ಒಂದನ್ನೇ. ಪುಡಿ ಅದುಮುವ ಟ್ಯಾಂಪ್ ಜೋರಾಗಿ ಒತ್ತಿ ಟೈಮ್ ಸರಿಮಾಡುವ ಆಸೆಯೂ ಬೇಡ, ಸುಮ್ನೆ ಕೈ ನೋವು. ಪುಡಿ ಸಮನಾಗಿ ಹರಡಿ, ನೇರವಾಗಿ ಒತ್ತಿದರೆ ಆಯ್ತು.

ನೀರು ಸುಮಾರು 9 ಬಾರ್ ಒತ್ತಡದಲ್ಲಿ ಪುಡಿಯೊಳಗೆ ನುಗ್ಗುತ್ತದೆ. ಪುಡಿ ನುಣ್ಣಗಾದಷ್ಟೂ ಸಂದುಗಳು ಕಿರಿದಾಗುತ್ತವೆ, ನೀರು ನಿಧಾನವಾಗಿ ಇಳಿಯುತ್ತದೆ. 36 ಗ್ರಾಂ ಬರೀ 15 ಸೆಕೆಂಡಿನಲ್ಲಿ ಬಂತಾ? ಪುಡಿ ತರಿ ಜಾಸ್ತಿ, ಕಾಫಿ ಹುಳಿಹುಳಿ, ನೀರುನೀರು. ಗ್ರೈಂಡರನ್ನು ಒಂದು ಗುರುತು ನುಣ್ಣಗೆ ಮಾಡಿ. 45 ಸೆಕೆಂಡ್ ತೊಟ್ಟಿಕ್ಕುತ್ತಾ ಕೂತು, ಕುಡಿದರೆ ಕಹಿ, ನಾಲಿಗೆ ಒಗರು ಅಂದರೆ ಸ್ವಲ್ಪ ತರಿ ಮಾಡಿ.

ಇಲ್ಲೊಂದು ಗೊಂದಲ ಇದೆ, ಎಲ್ಲರೂ ಸಿಕ್ಕಿಕೊಳ್ಳುವುದು ಇಲ್ಲೇ. ನುಣ್ಣಗೆ ಮಾಡಿದಿರಿ, ಆದರೂ ಶಾಟ್ ಇನ್ನೂ ಬೇಗ ಇಳಿಯಿತು! ಪುಡಿ ವಿಪರೀತ ನುಣ್ಣಗಾದಾಗ ನೀರು ಎಲ್ಲ ಕಡೆ ಹಾಯಲಾಗದೆ ಎಲ್ಲೋ ಒಂದು ಕಡೆ ಬಿರುಕು ಮಾಡಿಕೊಂಡು ಅಲ್ಲಿಂದಲೇ ಓಡುತ್ತದೆ, ಇದಕ್ಕೆ ಚಾನೆಲಿಂಗ್ ಅಂತಾರೆ. ತಳವಿಲ್ಲದ ಪೋರ್ಟಾಫಿಲ್ಟರ್ (ಬಾಸ್ಕೆಟ್ ಕೂರಿಸುವ ಹಿಡಿಕೆ) ಇದ್ದರೆ ಕಣ್ಣಿಗೇ ಕಾಣುತ್ತದೆ: ನಡುವೆ ಕಂದು ಧಾರೆ ಇಳಿಯುತ್ತಿರುವಾಗಲೇ ಪಕ್ಕದಿಂದ ಪೇಲವ ಎಳೆಯೊಂದು ಚಿಮ್ಮಿ ಕಪ್ಪಿನ ಆಚೆ ಹೋಗಿ ಬೀಳುತ್ತದೆ. ಆ ಕಪ್ಪಿನ ಕಾಫಿ ಒಮ್ಮೆಗೇ ಹುಳಿಯೂ ಹೌದು, ಕಹಿಯೂ ಹೌದು. ಅಂಥ ಹೊತ್ತಲ್ಲಿ ಇನ್ನೂ ನುಣ್ಣಗೆ ಮಾಡಬೇಡಿ, ಹಿಂದಕ್ಕೆ ಬನ್ನಿ.

ಗುರುತು ತಿರುಗಿಸಿದ ಮೇಲಿನ ಮೊದಲ ಶಾಟನ್ನು ನಂಬಬೇಡಿ. ಗ್ರೈಂಡರ್ ಹೊಟ್ಟೆಯಲ್ಲಿ ಹಳೆಯ ಪುಡಿ ಉಳಿದಿರುತ್ತದೆ. ಒಂದಿಷ್ಟು ಬೀಜ ಪುಡಿಮಾಡಿ ಚೆಲ್ಲಿ, ಹೊಟ್ಟೆ ಉರಿಯುತ್ತದೆ ನಿಜ, ಆದರೆ ಬೇರೆ ದಾರಿಯಿಲ್ಲ.

ಬೀಜ ಬದಲಾದರೆ ಎಲ್ಲವೂ ಮತ್ತೆ ಮೊದಲಿಂದ. ಚಿಕ್ಕಮಗಳೂರಿನದೋ ಕೊಡಗಿನದೋ ಬೀಜ ತಿಳಿಯಾಗಿ ಹುರಿದಿದ್ದರೆ ಗಟ್ಟಿ ಇರುತ್ತದೆ, ಹೆಚ್ಚು ನುಣ್ಣಗೆ ಬೇಕು. ಕಪ್ಪಗೆ ಹುರಿದದ್ದಕ್ಕೆ ಸ್ವಲ್ಪ ತರಿ ಸಾಕು. ಹುರಿದು ವಾರ ಕಳೆದ ಮೇಲೆ ತೆರೆದರೆ ಬೀಜದೊಳಗಿನ ಗ್ಯಾಸಿನ ಕಾಟ ಕಡಿಮೆ, ಆಮೇಲೆ ದಿನ ಕಳೆದಂತೆ ಶಾಟ್ ಚುರುಕಾಗುತ್ತದೆ, ಆಗಾಗ ಒಂದೆಳೆ ನುಣ್ಣಗೆ ಮಾಡುತ್ತಿರಬೇಕು. ಚಿಕೋರಿ ಬೆರೆಸಿದ ಫಿಲ್ಟರ್ ಪುಡಿ ಇದಕ್ಕೆ ಬೇಡ, ಅದು ಮನೆಯ ಡಿಕಾಕ್ಷನ್ನಿಗೇ ಚೆನ್ನ.

33 ಸೆಕೆಂಡಿನ ಶಾಟ್ ರುಚಿಯಾಗಿದ್ದರೆ ಅಲ್ಲೇ ಬಿಡಿ. ಕುಡಿಯುವುದು ನೀವು, ಟೈಮರ್ ಅಲ್ಲ, ಅಲ್ವಾ?

ಎಷ್ಟು ತಿರುಗಿಸಿದರೂ ಟೈಮ್ ಹೆಚ್ಚುಕಮ್ಮಿ ಅಷ್ಟೇ ಇದ್ದರೆ ಬಾಸ್ಕೆಟ್ಟನ್ನು ಬೆಳಕಿಗೆ ಹಿಡಿದು ತಳ ನೋಡಿ. ಹೊರಗಡೆ ಒಂದೇ ಒಂದು ತೂತು ಕಂಡರೆ ಅದು ಡಬಲ್ ವಾಲ್ ಬಾಸ್ಕೆಟ್, ಅಂದರೆ ಎರಡು ತಳದ್ದು. ಅಲ್ಲಿ ನೀರನ್ನು ತಡೆಯುವುದು ಹೆಚ್ಚಾಗಿ ಆ ತೂತು, ಪುಡಿಯಲ್ಲ. ಒಂದೇ ತಳದ ಸಿಂಗಲ್ ವಾಲ್ ಹಾಕಿ, ಆಮೇಲೆ ಗ್ರೈಂಡರ್ ಮುಟ್ಟಿ.