ತರಾಸು 'ತ'ದಲ್ಲೋ 'ಸ'ದಲ್ಲೋ? ದುರ್ಗ, ದಾವಣಗೆರೆ ಕಡೆಯ ಲೈಬ್ರರಿಯವರು ಕೆಲಸ ಕಲಿತ ಬಗೆ

ತರಾಸು ಅವರ ಕಾದಂಬರಿಗಳನ್ನು ಯಾವ ಅಕ್ಷರದ ಕೆಳಗೆ ಇಡುತ್ತೀರಿ? ನಮ್ಮ ಕಡೆಯ ನಾಲ್ಕು ಜನ ಲೈಬ್ರರಿಯನ್‌ಗಳನ್ನು ಕೇಳಿ ನೋಡಿ, ಜಗಳವೇ ಶುರುವಾಗುತ್ತದೆ. ಒಬ್ಬರು 'ತ' ಅನ್ನುತ್ತಾರೆ. ಇನ್ನೊಬ್ಬರು ಸುಬ್ಬರಾವ್ ಅಲ್ವಾ, 'ಸ'ಕ್ಕೆ ಹಾಕಿ ಅನ್ನುತ್ತಾರೆ. ಪೂರ್ತಿ ಹೆಸರು ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ತಳುಕು ಚಳ್ಳಕೆರೆ ತಾಲ್ಲೂಕಿನ ಊರು, ರಾಮಸ್ವಾಮಯ್ಯ ಅಪ್ಪನ ಹೆಸರು. ಸರ್‌ನೇಮ್ ಮೊದಲು ಬರೆಯಿರಿ ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಇದರಲ್ಲಿ ಸರ್‌ನೇಮ್ ಯಾವುದು ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ.

ನಾನು ದಾವಣಗೆರೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೂರುವವನು. ಈ ಕೆಲಸದ ಕಷ್ಟ ಏನೆಂದರೆ, ಕೂರುವವರು ಒಬ್ಬರೇ. ಶಾಲೆಯಲ್ಲಿ ಗಣಿತದ ಮೇಷ್ಟ್ರಿಗೆ ಪಕ್ಕದಲ್ಲಿ ಇನ್ನೊಬ್ಬ ಮೇಷ್ಟ್ರು ಇರುತ್ತಾರೆ. ಲೈಬ್ರರಿಯವನಿಗೆ ಬೀರು, ರಿಜಿಸ್ಟರ್, ಫ್ಯಾನು ಅಷ್ಟೇ. ಸಂದೇಹ ಬಂದರೆ ಕೇಳಬೇಕಾದವರು ಬೇರೆ ಊರಲ್ಲಿರುತ್ತಾರೆ.

ಇದು ಇವತ್ತಿನ ಕಥೆಯಲ್ಲ. ನಮ್ಮ ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದ್ದು 1965ರಲ್ಲಿ. ಅದರ ಹಿಂದೆ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಅವರ ಒತ್ತಾಸೆ ಇತ್ತು. ಆ ಹೊತ್ತಿಗೆ ಅವರು ಬೆಂಗಳೂರಿನಲ್ಲೇ ಇದ್ದರು, 1962ರಲ್ಲಿ ಅಲ್ಲೇ ತರಬೇತಿ ಕೇಂದ್ರವನ್ನೂ ಶುರು ಮಾಡಿದ್ದರು. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಶೇ 6ರಷ್ಟು ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಅದು ಆ ಕಾಯ್ದೆಯ ಫಲ. ಹಣಕ್ಕೆ ದಾರಿ ಆಯಿತು, ಇಲಾಖೆ ಆಯಿತು, ಕಟ್ಟಡಗಳೂ ಎದ್ದವು. ಒಳಗೆ ಕೂರುವವನು ಕೆಲಸಕ್ಕೆ ಸೇರಿದ ಮೇಲೆ ಹೊಸದನ್ನು ಯಾರಿಂದ ಕಲಿಯಬೇಕು ಅನ್ನೋದು ಮಾತ್ರ ಹಾಗೇ ಉಳಿಯಿತು.

ಕಲಿತಿದ್ದು ಮೀಟಿಂಗಿನ ಹೊರಗೆ. 1997ರ ಆಗಸ್ಟ್ 15ರವರೆಗೆ ದಾವಣಗೆರೆ ಬೇರೆ ಜಿಲ್ಲೆಯೇ ಅಲ್ಲ, ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಜಗಳೂರು, ಹರಿಹರದವರೂ ಜಿಲ್ಲೆಯ ಕೆಲಸ ಅಂದರೆ ದುರ್ಗದ ಬಸ್ಸು ಹತ್ತಬೇಕಿತ್ತು. ಒಳಗೆ ಲೆಕ್ಕ ಕೊಡುವುದು, ಬೈಸಿಕೊಳ್ಳುವುದು. ಹೊರಗೆ ಟೀ ಅಂಗಡಿಯಲ್ಲಿ 'ನಿಮ್ಮಲ್ಲಿ ಗೆದ್ದಲಿಗೆ ಏನು ಮಾಡ್ತೀರಿ', 'ಕಳೆದುಹೋದ ಪುಸ್ತಕವನ್ನು ರಿಜಿಸ್ಟರಿನಿಂದ ಹೇಗೆ ತೆಗೀತೀರಿ' ಅನ್ನುವ ಮಾತು. ಹಿರಿಯರು ಇದನ್ನು ಹೇಳುವಾಗ ಮೀಟಿಂಗಿನ ವಿಷಯ ಒಂದೂ ನೆನಪಿರುವುದಿಲ್ಲ, ಟೀ ಅಂಗಡಿ ಮಾತ್ರ ನೆನಪಿರುತ್ತದೆ. ಹೊಸ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಹರಪನಹಳ್ಳಿ ಬಳ್ಳಾರಿಯಿಂದ ಬಂತು (2018ರಲ್ಲಿ ವಾಪಸ್ಸೂ ಹೋಯಿತು). ಹಳೆ ಗೆಳೆತನಗಳು ಒಂದು ಕಡೆ, ಹೊಸ ಕಚೇರಿ ಇನ್ನೊಂದು ಕಡೆ.

ಆಮೇಲೆ ಕಂಪ್ಯೂಟರ್ ಬಂತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನನ್ನ ಎರಡು ಬೇಸಿಗೆ ರಜೆ ಹೋಗಿದ್ದು ಇದರಲ್ಲೇ. ನಮ್ಮ ಕನ್ನಡ ಪುಸ್ತಕಗಳ ಪಟ್ಟಿಯನ್ನು 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಸಿದ್ದರು. ಅದನ್ನು ಲೈಬ್ರರಿಯ ಲೆಕ್ಕ ಇಡುವ ಕೋಹಾ ಸಾಫ್ಟ್‌ವೇರ್‌ಗೆ ಏರಿಸಿದೆ. ಪರದೆ ಮೇಲೆ ಕನ್ನಡ ಇಲ್ಲ, ತಲೆ ಮೇಲೆ ಕೊಂಬು, ಸೊನ್ನೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಹಳೆ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತವೆ. ಕೋಹಾಕ್ಕೆ ಬೇಕಾದ್ದು ಯೂನಿಕೋಡ್, ಅಂದರೆ ಕನ್ನಡ ಅಕ್ಷರಕ್ಕೆ ಅದರದ್ದೇ ಸಂಕೇತ ಇರುವ ಪದ್ಧತಿ. ಆ ವರ್ಷವೇ ಒಂದು ತರಬೇತಿಗೆ ಹೋಗಿದ್ದೆ, ಮೂರು ದಿನ ಇಂಗ್ಲಿಷ್ ಸ್ಲೈಡುಗಳು, ಚೆನ್ನಾಗಿ ಊಟ, ಒಂದು ಸರ್ಟಿಫಿಕೇಟ್. ಕನ್ನಡ ಪುಸ್ತಕದ ಸುದ್ದಿಯೇ ಇಲ್ಲ. ದಾರಿ ಹೇಳಿದ್ದು ಹಿರಿಯೂರು ಕಡೆಯ ಒಬ್ಬ ಲೈಬ್ರರಿಯನ್, ಫೋನಿನಲ್ಲಿ: 'ಮೊದಲು ನುಡಿಯನ್ನ ಯೂನಿಕೋಡ್ ಮಾಡೋ ಕನ್ವರ್ಟರ್‌ಗೆ ಹಾಕಿ. ಇಪ್ಪತ್ತೇ ಪುಸ್ತಕ ಹಾಕಿ ನೋಡಿ, ಎಲ್ಲಾ ಒಟ್ಟಿಗೆ ಬೇಡ. ಅರ್ಕಾವೊತ್ತು ಇರೋ ಪದಗಳನ್ನ ಕಣ್ಣಲ್ಲೇ ನೋಡಿ.' ಹತ್ತು ನಿಮಿಷದ ಮಾತು.

ಕಾಲೇಜಿನವರಿಗೆ ಯುಜಿಸಿಯ ರಿಫ್ರೆಷರ್ ಕೋರ್ಸುಗಳಿವೆ. ಬಡ್ತಿಗೆ ಬೇಕು, ಹಾಗಾಗಿ ಹೋಗುತ್ತೇವೆ. ಸುಮ್ನೆ ಬೈಯುವುದಿಲ್ಲ, ಕಾಲೇಜುಗಳಿಗೆ ಇ-ಪುಸ್ತಕ ಒದಗಿಸುವ ಎನ್-ಲಿಸ್ಟ್‌ನಂಥ ಯೋಜನೆಗಳ ಕೆಲಸ ನಾನು ಕಲಿತಿದ್ದು ಅಲ್ಲೇ.

ದೊಡ್ಡ ಬದಲಾವಣೆ ಆಗಿದ್ದು 2019ರಲ್ಲಿ. ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಹೋದವು. 2020ರಲ್ಲಿ 'ಓದುವ ಬೆಳಕು' ಬಂತು, 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ. ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತಿದೆ. ಪೇಪರ್ ಜೋಡಿಸಿ ಬೀಗ ಹಾಕುತ್ತಿದ್ದ ಮೇಲ್ವಿಚಾರಕರು ಈಗ ಮಕ್ಕಳಿಗೆ ಕಥೆ ಹೇಳಬೇಕು, ಕಂಪ್ಯೂಟರ್ ತೋರಿಸಬೇಕು. ಹಳ್ಳಿಗೆ ಇದು ಒಳ್ಳೆಯದೇ ಆಯಿತು ಅಂತ ನನ್ನ ಲೆಕ್ಕ. ಆದರೆ ಒಂದೇ ತಾಲ್ಲೂಕಿನಲ್ಲಿ ಊರಿನ ಲೈಬ್ರರಿಯವರಿಗೆ ಒಂದು ಇಲಾಖೆ, ಹಳ್ಳಿಯವರಿಗೆ ಇನ್ನೊಂದು, ನಮಗೆ ಮೂರನೆಯದು. ತರಬೇತಿಯೂ ಬೇರೆ ಬೇರೆ. ಮೂವರೂ ಒಂದೇ ಬೆಂಚಿನಲ್ಲಿ ಕೂತು ಕಲಿತಿದ್ದನ್ನು ನಾನಂತೂ ನೋಡಿಲ್ಲ.

ಕೂತರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಸಣ್ಣ ಉದಾಹರಣೆ. ವಿಷಯಕ್ಕೆ ತಕ್ಕಂತೆ ಪುಸ್ತಕಕ್ಕೆ ನಂಬರ್ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಮೂರೇ ಅಂಕಿ, 820. ಕನ್ನಡ ಸಾಹಿತ್ಯಕ್ಕೆ 894.814, ಕಾದಂಬರಿ, ಕಥೆ ಅಂದರೆ ಕೊನೆಗೆ ಇನ್ನೊಂದು 3. ಮಕ್ಕಳ ತೆಳ್ಳನೆ ಪುಸ್ತಕದ ಬೆನ್ನಿಗೆ ಇಷ್ಟುದ್ದ ನಂಬರ್ ಹಿಡಿಸುವುದೇ ಇಲ್ಲ. ಜಗಳೂರು ಕಡೆಯ ಒಬ್ಬ ಮೇಲ್ವಿಚಾರಕಿ ಕಥೆಗೆ ಕೆಂಪು ಟೇಪು, ವಿಜ್ಞಾನಕ್ಕೆ ನೀಲಿ ಟೇಪು ಅಂಟಿಸಿದ್ದಾರೆ. ಓದಲು ಬಾರದ ಮಗುವೂ ಪುಸ್ತಕವನ್ನು ವಾಪಸ್ ಅದೇ ಕಪಾಟಿಗೆ ಇಡುತ್ತದೆ. ಮಾಸ್ಟರ್ಸ್ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಈಗ ನಮ್ಮ ಕಾಲೇಜಿನ ಪರೀಕ್ಷಾ ಪುಸ್ತಕಗಳಿಗೂ ಹಳದಿ ಟೇಪು ಬಿದ್ದಿದೆ.

ತರಾಸು ವಿಷಯ ಆ ಮೇಲ್ವಿಚಾರಕಿಯೇ ನನ್ನನ್ನು ಕೇಳಿದ್ದರು. 'ತ'ಕ್ಕೆ ಹಾಕಿ, ಸುಬ್ಬರಾವ್ ಅಂತ ಇನ್ನೊಂದು ಕಾರ್ಡು ಮಾಡಿ 'ತರಾಸು ನೋಡಿ' ಅಂತ ಬರೆಯಿರಿ ಅಂದೆ. ಹಿರಿಯೂರಿನವರು ಇನ್ನೂ ಒಪ್ಪಿಲ್ಲ.