ಆಯಿಲ್ ಜಾಸ್ತಿ ಆಗಿದೆ ಅಂತ ಖುಷಿಪಡಬೇಡಿ

ಹೋದ ತಿಂಗಳು ಒಬ್ಬರು ಡೀಸೆಲ್ ಪಿಕಪ್ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಗಾಡಿಗೆ ಎಂಟೇ ತಿಂಗಳು. ಚೆನ್ನಾಗಿ ಓಡುತ್ತಿದ್ದ ಪೆಟ್ರೋಲ್ ಪಿಕಪ್ಪನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಮೇಲೆ ದುಡ್ಡು ಹಾಕಿ ಇದನ್ನು ತಂದಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಒಂದು ಕಿತ್ತಳೆ ದೀಪ ಉರಿಯುತ್ತಿತ್ತು. ಅದರ ಬಗ್ಗೆ ಅವರಿಗೆ ಚಿಂತೆಯೇ ಇರಲಿಲ್ಲ. "ಏನೋ ಸೆನ್ಸರ್ ಇರ್ಬೇಕು ಸಾರ್. ಗಾಡಿ ಮಾತ್ರ ಸೂಪರ್. ಒಂದು ತೊಟ್ಟು ಆಯಿಲ್ ಕುಡಿದಿಲ್ಲ. ನೋಡಿ ಬೇಕಾದ್ರೆ, ಇನ್ನೂ ಜಾಸ್ತಿನೇ ಆಗಿದೆ!"

ಜಾಸ್ತಿ ಆಗಿದೆ ಅಂದ ತಕ್ಷಣ ನಾನು ಬಾನೆಟ್ ಎತ್ತಿದೆ. ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ಎಳೆದೆ. ಮೇಲಿನ ಗೆರೆಗಿಂತ ಒಂದು ಬೆರಳಷ್ಟು ಮೇಲೆ ಆಯಿಲ್ ಇತ್ತು. ಕಡ್ಡಿಯ ತುದಿಯಿಂದ ನೀರಿನ ಹಾಗೆ ತೊಟತೊಟ ಸುರಿಯಿತು. ಬೆರಳಲ್ಲಿ ಉಜ್ಜಿದರೆ ಜಿಡ್ಡೇ ಇಲ್ಲ. ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ.

"ದಿನಾ ಎಷ್ಟು ಓಡಿಸ್ತೀರಿ?" ಅಂತ ಕೇಳಿದೆ.

"ಮಕ್ಕಳನ್ನ ಬಿಡೋದು, ಕರ್ಕೊಂಡು ಬರೋದು, ಅಂಗಡಿ. ಒಂದು ಸಲಕ್ಕೆ ನಾಲ್ಕು ಕಿಲೋಮೀಟರ್ ಇರಬಹುದು. ತುಂಬಾ ಜೋಪಾನವಾಗಿ ಓಡಿಸ್ತೀನಿ ಸಾರ್."

ಆ ಜೋಪಾನವೇ ಗಾಡಿಯನ್ನು ಹಾಳು ಮಾಡಿತ್ತು.

ನನ್ನ ಹತ್ತಿರ ಪೆಟ್ರೋಲ್ ಪಿಕಪ್ ಬಿಟ್ಟು ಡೀಸೆಲ್ ತಗೊಳ್ಳಲಾ ಅಂತ ಕೇಳಲು ಬರುವವರು ಕೇಳುವುದು ಎರಡೇ ಪ್ರಶ್ನೆ: ಮೈಲೇಜ್ ಎಷ್ಟು, ಎಷ್ಟು ಎಳೆಯುತ್ತೆ. ಇಂಜಿನ್ ದಿನಕ್ಕೆ ಎಷ್ಟು ಹೊತ್ತು ಬಿಸಿಯಾಗಿರುತ್ತೆ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನಿಜ ಹೇಳಬೇಕೆಂದರೆ ಅರ್ಧ ಜನ ಕೇಳಲು ಬರುವುದೇ ಇಲ್ಲ, ಮನಸ್ಸು ಮಾಡಿಬಿಟ್ಟಿರುತ್ತಾರೆ, ನಾನು ತಲೆಯಾಡಿಸಿದರೆ ಸಾಕು ಅವರಿಗೆ.

ಈಗಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತದೆ. ಡೀಸೆಲ್ ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಹಿಡಿದಿಟ್ಟ ಮಸಿ ತುಂಬಿಕೊಂಡರೆ ಇಂಜಿನ್ ಉಸಿರು ಕಟ್ಟುತ್ತದೆ. ಹಾಗಾಗಿ ಆಗಾಗ ಅದನ್ನು ಒಳಗೇ ಸುಟ್ಟುಬಿಡಬೇಕು. ಇದಕ್ಕೆ ರೀಜನರೇಶನ್ ಅನ್ನುತ್ತಾರೆ. ಮಸಿ ಸುಡಲು ಫಿಲ್ಟರ್ ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕು. ಲೋಡ್ ಹೊತ್ತು ದೂರ ಓಡುವ ಗಾಡಿಯಲ್ಲಿ ಮಸಿ ಬಹುಪಾಲು ತನ್ನಷ್ಟಕ್ಕೆ ಉರಿದು ಹೋಗುತ್ತಿರುತ್ತದೆ, ಡ್ರೈವರ್‌ಗೆ ಗೊತ್ತೂ ಆಗುವುದಿಲ್ಲ. ನಾಲ್ಕು ಕಿಲೋಮೀಟರ್ ಓಡುವ ಗಾಡಿಯಲ್ಲಿ ಸೈಲೆನ್ಸರ್ ಬೆಚ್ಚಗಾಗುವಷ್ಟರಲ್ಲಿ ಮನೆ ಬಂದಿರುತ್ತದೆ.

ಆಗ ಇಂಜಿನ್ನಿನ ಕಂಪ್ಯೂಟರ್ ಒಂದು ಉಪಾಯ ಮಾಡುತ್ತದೆ. ಬಿಸಿ ಹೆಚ್ಚಿಸಲು ಬೇಕಂತಲೇ ಸ್ವಲ್ಪ ಡೀಸೆಲ್ಲನ್ನು ತಡವಾಗಿ ಚಿಮ್ಮಿಸುತ್ತದೆ. ಅದು ಹೊಗೆಯ ಜೊತೆ ಮುಂದೆ ಹೋಗಿ ಅಲ್ಲಿ ಉರಿಯಬೇಕು. ಕೆಲವು ಇಂಜಿನ್‌ಗಳಲ್ಲಿ ಇದಕ್ಕೆ ಸೈಲೆನ್ಸರ್ ಪೈಪಿನಲ್ಲೇ ಬೇರೆ ಇಂಜೆಕ್ಟರ್ ಇರುತ್ತದೆ, ಅವುಗಳ ಕಥೆ ಬೇರೆ. ಆದರೆ ಸಿಲಿಂಡರ್ ಒಳಗೇ ಚಿಮ್ಮಿಸುವ ಇಂಜಿನ್‌ಗಳಲ್ಲಿ ಸ್ವಲ್ಪ ಡೀಸೆಲ್ ಗೋಡೆಗೆ ಅಂಟಿ, ಪಿಸ್ಟನ್ ಪಕ್ಕದಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಇಡೀ ಕೆಲಸ ಮುಗಿಯಲು ಸಾಮಾನ್ಯವಾಗಿ 15ರಿಂದ 30 ನಿಮಿಷ ಬೇಕು. ನೀವು ಐದನೇ ನಿಮಿಷಕ್ಕೆ ಕೀ ತಿರುಗಿಸಿ ಇಳಿದು ಹೋಗುತ್ತೀರಿ. ಹಸಿ ಸೌದೆಗೆ ಈಗ ತಾನೇ ಬೆಂಕಿ ಹತ್ತಿತು ಅನ್ನುವಾಗ ನೀರು ಸುರಿದ ಹಾಗೆ. ಸಂಜೆ ಮತ್ತೆ ಶುರು, ಮತ್ತೆ ಅರ್ಧಕ್ಕೆ. ಮಸಿ ಸುಡಲಿಲ್ಲ, ಡೀಸೆಲ್ ಮಾತ್ರ ಪ್ರತಿ ಸಲ ಒಂದಿಷ್ಟು ಆಯಿಲ್‌ಗೆ ಇಳಿಯಿತು. ಆ ಕಿತ್ತಳೆ ದೀಪ ಉರಿದದ್ದೂ ಆಯಿಲ್ ಜಾಸ್ತಿ ಆಗಿದ್ದೂ ಹೀಗೆ. ಆ ತೆಳು ಆಯಿಲ್ಲಿನಲ್ಲೇ ಬೇರಿಂಗ್ ತಿರುಗಬೇಕು, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ತಿರುಗಬೇಕು.

ಇದನ್ನೇ ಇನ್ನೊಂದು ಸಲ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ, ಯಾಕೆಂದರೆ ಇಷ್ಟು ಕೇಳಿದ ಮೇಲೂ "ಹಾಗಾದ್ರೆ ನಾನು ಬೆಳಿಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿರ್ತೀನಿ" ಅನ್ನುವವರು ಇದ್ದಾರೆ. ನಿಂತಲ್ಲೇ ಇಂಜಿನ್ ಓಡಿಸಿದರೆ ಲೋಡ್ ಇಲ್ಲ. ಲೋಡ್ ಇಲ್ಲದಿದ್ದರೆ ಬಿಸಿ ಇಲ್ಲ. ಬಿಸಿ ಇಲ್ಲದಿದ್ದರೆ ಮಸಿ ಮಾತ್ರ. ನಿಂತು ಉರಿಯುವ ಹತ್ತು ನಿಮಿಷ ಫಿಲ್ಟರ್ ತುಂಬಿಸುವ ಹತ್ತು ನಿಮಿಷ, ಅಷ್ಟೇ. "ವಾರಕ್ಕೊಂದು ಸಲ ಹೆದ್ದಾರಿಗೆ ಹೋಗಿ ಬರ್ತೀನಿ" ಅನ್ನುವವರೂ ಇದ್ದಾರೆ. ಅದು ಪರವಾಗಿಲ್ಲ, ಎಷ್ಟೋ ಗಾಡಿಗೆ ಅಷ್ಟು ಸಾಕಾಗುತ್ತದೆ ಕೂಡ. ಆದರೆ ಮೈಲೇಜ್ ಉಳಿಸಲು ಡೀಸೆಲ್ ತಗೊಂಡು, ಅದರ ಹೊಟ್ಟೆ ಶುದ್ಧಿ ಮಾಡಲು ಭಾನುವಾರ ಸುಮ್ನೆ ಡೀಸೆಲ್ ಸುಡುವುದು ಯಾವ ಲೆಕ್ಕ?

"ನಮ್ಮ ಮಾವನ ಹಳೇ ಡೀಸೆಲ್ ಐದು ಲಕ್ಷ ಕಿಲೋಮೀಟರ್ ಓಡಿದೆ, ಬಾನೆಟ್ಟೇ ಎತ್ತಿಲ್ಲ" ಅನ್ನುವ ಮಾತು ಇಲ್ಲಿ ಬಂದೇ ಬರುತ್ತದೆ. ನಿಜ ಇರಬಹುದು. ಮಾವನ ಗಾಡಿಯಲ್ಲಿ ಡಿಪಿಎಫ್ ಇರಲಿಲ್ಲ. ಅಮೆರಿಕದ ಪಿಕಪ್‌ಗಳಿಗೆ ಅದು ಬಂದದ್ದು 2007ರ ಸುಮಾರಿಗೆ, 2010ರ ನಿಯಮದ ನಂತರ ಹೊಗೆಯ ವಿಷ ಕಡಿಮೆ ಮಾಡುವ ಯೂರಿಯಾ ದ್ರಾವಣದ ಟ್ಯಾಂಕೂ ಬಂತು. ಭಾರತದಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆ ನಿಯಮ. ಡೀಸೆಲ್ ಇಂಜಿನ್ನಿನ ಕಬ್ಬಿಣ ಇವತ್ತಿಗೂ ಗಟ್ಟಿಯೇ. ಅದಕ್ಕೆ ನೇತುಹಾಕಿರುವ ಸಾಮಾನು ಅಷ್ಟು ಗಟ್ಟಿ ಅಲ್ಲ. ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನಲ್ಲಿ (ಕಾಮನ್ ರೈಲ್) ಒತ್ತಡ 2,000 ಬಾರ್ ಆಸುಪಾಸು ಇರುತ್ತದೆ, ಕಾರಿನ ಟೈರಿನ ಗಾಳಿ ಎರಡೂವರೆ ಬಾರ್ ಅಂದರೆ ಅಂದಾಜು ಮಾಡಿ. ಆ ಒತ್ತಡ ಕೊಡುವ ಪಂಪಿಗೆ ಡೀಸೆಲ್ಲೇ ಗ್ರೀಸ್ ಇದ್ದ ಹಾಗೆ. ವರ್ಷಗಟ್ಟಲೆ ಪೆಟ್ರೋಲ್ ಹಾಕಿಸಿದ ಅಭ್ಯಾಸದಲ್ಲಿ ಒಂದು ದಿನ ಇದಕ್ಕೂ ಪೆಟ್ರೋಲ್ ಹಾಕಿಸಿ ಸ್ಟಾರ್ಟ್ ಮಾಡಿದರೆ, ಪಂಪ್ ಒಣಗಿ ತೇಯ್ದು, ಲೋಹದ ಪುಡಿ ಇಂಜೆಕ್ಟರ್‌ವರೆಗೆ ಹೋಗಬಹುದು. ಗೊತ್ತಾದ ಕೂಡಲೇ ಕೀ ಮುಟ್ಟಬೇಡಿ, ಎಳೆಸಿಕೊಂಡು ಬನ್ನಿ. ಇದನ್ನು ನಗುತ್ತಾ ಓದಬೇಡಿ, ನನ್ನ ಗ್ಯಾರೇಜಿನ ಹುಡುಗನೇ ಒಮ್ಮೆ ಮಾಡಿದ್ದ. ಅವನನ್ನು ಪೆಟ್ರೋಲ್ ಬಂಕಿಗೆ ಕಳಿಸಿದ್ದು ನಾನು, ಯಾವ ಇಂಧನ ಅಂತ ಹೇಳಲು ಮರೆತದ್ದೂ ನಾನೇ.

"ಡಿಪಿಎಫ್ ಕಿತ್ತು ಬಿಸಾಕಿ ಸಾರ್, ಪೈಪ್ ಹಾಕ್ಬಿಡಿ" ಅನ್ನುವವರಿಗೆ: ನಾನು ಹಾಕಲ್ಲ. ಬಹಳ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ, ವಾರಂಟಿಗೂ ಕುತ್ತು. ನಿಮ್ಮ ಹಿಂದೆ ಬರುವವರೂ ಆ ಮಸಿ ಕುಡಿಯಬೇಕು. ಮುಂದಿನ ಪ್ರಶ್ನೆ ಕೇಳಿ.

ಮೈಲೇಜ್ ವಿಷಯ. ಡೀಸೆಲ್ ಕಡಿಮೆ ಕುಡಿಯುತ್ತದೆ, ಅದರಲ್ಲಿ ಅನುಮಾನ ಇಲ್ಲ. ಒಂದು ಲೀಟರ್ ಡೀಸೆಲ್ಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಶೇಕಡಾ 10ಕ್ಕೂ ಹೆಚ್ಚು ಶಕ್ತಿ ಇದೆ, ಇಂಜಿನ್ ಕೂಡ ಅದನ್ನು ಚೆನ್ನಾಗಿ ಬಳಸುತ್ತದೆ. ಆದರೆ ಜನ ಕಿಲೋಮೀಟರ್ ನೋಡುತ್ತಾರೆ, ಲೀಟರ್ ಎಣಿಸುವುದಿಲ್ಲ. ನಾನು ಎಲ್ಲರಿಗೂ ಒಂದು ಚೀಟಿಯ ಹಿಂದೆ ಹೀಗೆ ಬರೆದು ಕೊಡುತ್ತೇನೆ. ನಿಮ್ಮ ಪೆಟ್ರೋಲ್ ಪಿಕಪ್ ಲೀಟರಿಗೆ 7 ಕಿ.ಮೀ. ಕೊಡುತ್ತದೆ, ಡೀಸೆಲ್ 9 ಕೊಡುತ್ತದೆ ಅಂದುಕೊಳ್ಳಿ. ವರ್ಷಕ್ಕೆ 15,000 ಕಿ.ಮೀ. ಓಡಿದರೆ ಪೆಟ್ರೋಲ್ ಸುಮಾರು 2,140 ಲೀಟರ್, ಡೀಸೆಲ್ ಸುಮಾರು 1,670. ಉಳಿದದ್ದು 470 ಲೀಟರ್. ಈಗ ಬದಲಾಯಿಸಲು ಮೇಲೆ ಹಾಕುವ ದುಡ್ಡಿಗೆ ಎಷ್ಟು ಲೀಟರ್ ಡೀಸೆಲ್ ಬರುತ್ತದೆ ನೋಡಿ. 5,000 ಲೀಟರ್ ಬರುತ್ತದೆ ಅಂದರೆ, ಎರಡೂ ಇಂಧನದ ಬೆಲೆ ಒಂದೇ ಅಂತ ಇಟ್ಟುಕೊಂಡರೂ, ಹಾಕಿದ್ದು ವಾಪಸ್ ಬರಲು ಹತ್ತು ವರ್ಷದ ಮೇಲೆ ಬೇಕು. ವರ್ಷಕ್ಕೆ 40,000 ಓಡುವವರಿಗೆ ಇದೇ ಲೆಕ್ಕ ನಾಲ್ಕು ವರ್ಷದೊಳಗೆ ಮುಗಿಯುತ್ತದೆ. ಅಂಕಿಗಳನ್ನು ನಿಮ್ಮ ಗಾಡಿಗೆ, ನಿಮ್ಮ ಬೆಲೆಗೆ ಹೊಂದಿಸಿಕೊಳ್ಳಿ, ನನ್ನ ಚೀಟಿಯನ್ನೇ ನಂಬಬೇಡಿ.

ಸರ್ವಿಸ್ ಖರ್ಚನ್ನು ಆ ಚೀಟಿಯಲ್ಲಿ ಹಿಡಿದೇ ಇಲ್ಲ. ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ ಒಂದು ಸಲಕ್ಕೆ ಸುಮಾರು 9ರಿಂದ 12 ಲೀಟರ್ ಆಯಿಲ್ ಹಿಡಿಯುತ್ತದೆ, ಪೆಟ್ರೋಲಿಗೆ 7ರ ಆಸುಪಾಸು. ಅದೂ ಡಿಪಿಎಫ್‌ಗೆ ಒಗ್ಗುವ ಆಯಿಲ್ಲೇ ಆಗಬೇಕು. ಡೀಸೆಲ್ ಫಿಲ್ಟರ್, ಅದರ ಕೆಳಗೆ ನಿಲ್ಲುವ ನೀರು ಬಿಡುವುದು, ಯೂರಿಯಾ ದ್ರಾವಣ ತುಂಬಿಸುವುದು. ಯೂರಿಯಾ ಖಾಲಿ ಆದರೆ ಗಾಡಿ ಕೆಲವು ಎಚ್ಚರಿಕೆ ಕೊಟ್ಟು ಆಮೇಲೆ ವೇಗ ಕಡಿಮೆ ಮಾಡುತ್ತದೆ ಅಥವಾ ಸ್ಟಾರ್ಟೇ ಆಗುವುದಿಲ್ಲ.

ಇನ್ನು ಎಳೆಯುವುದು. ಪಿಕಪ್ಪಿಗೆ ಪಿಕಪ್ ಇಲ್ಲ ಸಾರ್, ಏರು ಬಂದರೆ ಇಂಜಿನ್ ಕಿರುಚುತ್ತೆ ಅಂತ ಪೆಟ್ರೋಲಿನವರು ದೂರುತ್ತಾರೆ. ಕಿರುಚಲಿ ಬಿಡಿ! ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ನಿನ ಎಳೆತ ಸಿಗುವುದೇ ಮೇಲಿನ ಆರ್‌ಪಿಎಂನಲ್ಲಿ, 4,000 ದಾಟಿದರೆ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ, ಸಾಯುತ್ತಿದೆ ಅಂತ ಅಲ್ಲ. ಡೀಸೆಲ್ 1,600–1,800ರಲ್ಲೇ ಪೂರ್ತಿ ಎಳೆತ ಕೊಡುವುದರಿಂದ ಕಿವಿಗೆ ಹಿತ, ಮನಸ್ಸಿಗೆ ಧೈರ್ಯ. ಆ ಹಿತಕ್ಕೆ ದುಡ್ಡು ಕೊಡುತ್ತೀನಿ ಅಂದರೆ ನನ್ನ ತಕರಾರಿಲ್ಲ, ನನಗೂ ಆ ಶಬ್ದ ಇಷ್ಟವೇ. ಉಳಿತಾಯ ಅಂತ ಮಾತ್ರ ಹೇಳಬೇಡಿ. ಇನ್ನೊಂದು, ಡೀಸೆಲ್ ಇಂಜಿನ್ನೇ ಭಾರ. ದೊಡ್ಡ ಪಿಕಪ್‌ಗಳಲ್ಲಿ 200–300 ಕೆ.ಜಿ.ವರೆಗೆ ವ್ಯತ್ಯಾಸ ಬರಬಹುದು. ಹಿಂದೆ ಟ್ರೈಲರ್ ಎಳೆಯುವುದು ಜಾಸ್ತಿ ಆದರೂ, ಗಾಡಿಯ ಮೇಲೆ ಹೇರುವ ಲೋಡ್ ಅಷ್ಟೇ ಕಡಿಮೆ ಆಗುತ್ತದೆ. ಬಾಗಿಲು ತೆಗೆದರೆ ಕಂಬದ ಮೇಲೆ ಎಷ್ಟು ಭಾರ ಹೇರಬಹುದು ಅಂತ ಒಂದು ಸ್ಟಿಕ್ಕರ್ ಇರುತ್ತದೆ. ಜಾಹೀರಾತು ಬಿಟ್ಟು ಅದನ್ನು ಓದಿ.

ಇಷ್ಟೆಲ್ಲ ಓದಿ ನಾನು ಡೀಸೆಲ್ ವಿರೋಧಿ ಅಂದುಕೊಳ್ಳಬೇಡಿ. ಒಬ್ಬ ಅಕ್ಕ ಇದ್ದಾರೆ, ಬಾಡಿಗೆಗೆ ಮಣ್ಣು ಅಗೆಯುವ ಸಣ್ಣ ಯಂತ್ರವನ್ನು ಟ್ರೈಲರ್ ಮೇಲೆ ಹೊತ್ತು ಊರೂರು ತಿರುಗುವವರು. ಅವರು ಪೆಟ್ರೋಲ್ ಪಿಕಪ್ಪಿನಲ್ಲೇ ಆರು ವರ್ಷ ತಳ್ಳಿದ್ದರು, ಡೀಸೆಲ್ ಅಂದರೆ ರಿಪೇರಿ ಜಾಸ್ತಿ ಅಂತ ಯಾರೋ ಹೆದರಿಸಿದ್ದರು. ನಾನು ಎಲ್ಲರಿಗೂ ಕೊಡುವ ಹಾಗೆ ಅವರಿಗೂ ಒಂದು ಸಣ್ಣ ನೋಟ್‌ಬುಕ್ ಕೊಟ್ಟು, ಒಂದು ತಿಂಗಳು ಪ್ರತಿ ಸಲ ಎಷ್ಟು ಕಿಲೋಮೀಟರ್, ಖಾಲಿಯೋ ಲೋಡೋ ಅಂತ ಬರೆದಿಡಿ ಅಂದೆ. ತಂದು ತೋರಿಸಿದರು. 80, ಟ್ರೈಲರ್. 110, ಟ್ರೈಲರ್. 65, ಟ್ರೈಲರ್. 12, ಖಾಲಿ. 140, ಟ್ರೈಲರ್. ಪುಟ ತಿರುಗಿಸುವ ಅಗತ್ಯವೇ ಬೀಳಲಿಲ್ಲ. ನಾಳೆಯೇ ಡೀಸೆಲ್ ತಗೊಳ್ಳಿ ಅಂದೆ. ಎತ್ತರದ ಊರುಗಳಿಗೆ ಹೋಗುವವರು ಅವರು, ಅಲ್ಲಿ ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಪ್ರತಿ 1,000 ಮೀಟರಿಗೆ ಸುಮಾರು ಶೇಕಡಾ 10 ಶಕ್ತಿ ಕಳೆದುಕೊಳ್ಳುತ್ತದೆ. ಇಳಿಜಾರಿನಲ್ಲಿ, ಹೊಗೆಯ ದಾರಿ ತಡೆದು ಇಂಜಿನ್ನಿನಿಂದಲೇ ಗಾಡಿಯನ್ನು ನಿಧಾನಿಸುವ ಡೀಸೆಲ್ಲಿನ ಎಕ್ಸಾಸ್ಟ್ ಬ್ರೇಕ್ ಇದ್ದರೆ ಬ್ರೇಕ್ ಪ್ಯಾಡ್ ಸುಟ್ಟ ವಾಸನೆ ಬರುವುದಿಲ್ಲ. ಮೂರು ವರ್ಷ ಆಯಿತು, ಡಿಪಿಎಫ್ ದೀಪ ಹೇಗಿರುತ್ತೆ ಅಂತಲೂ ಅವರಿಗೆ ಗೊತ್ತಿಲ್ಲ.

ಅಲ್ಲಿ ಇಲ್ಲಿ ಎರಡೂ ಅಲ್ಲದವರು, ತಿಂಗಳಿಗೆ ಎರಡು ಸಲ ಟ್ರೈಲರ್, ಉಳಿದ ದಿನ ಆಫೀಸು ಅನ್ನುವವರಿಗೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಆಫೀಸ್ ದಾರಿ 30–40 ಕಿಲೋಮೀಟರ್ ಹೆದ್ದಾರಿ ಆಗಿದ್ದರೆ ಡೀಸೆಲ್ ಸುಖವಾಗಿ ಬಾಳುತ್ತದೆ. ಐದು ಕಿಲೋಮೀಟರ್ ಸಿಗ್ನಲ್ಲಾದರೆ ಪೆಟ್ರೋಲ್ ಇಟ್ಟುಕೊಳ್ಳಿ, ಟ್ರೈಲರ್ ದಿನ ಕಿರುಚಲಿ. ಗಾಡಿ ನೋಡದೆ ಇದಕ್ಕಿಂತ ಹೆಚ್ಚು ಹೇಳಲಾರೆ.

ಮೊದಲು ಹೇಳಿದವರ ಗಾಡಿಗೆ ಗ್ಯಾರೇಜಿನಲ್ಲೇ ಸ್ಕ್ಯಾನರ್ ಹಾಕಿ, ಅದರಿಂದ ಕಂಪ್ಯೂಟರ್‌ಗೆ ಹೇಳಿ ಆರ್‌ಪಿಎಂ ಏರಿಸಿ ಮಸಿ ಸುಡಿಸಿದೆ, ಆಯಿಲ್ ಪೂರ್ತಿ ಬದಲಾಯಿಸಿದೆ. ಟರ್ಬೊ ಉಳಿದಿದೆ ಅನ್ನಿಸುತ್ತದೆ, ಗ್ಯಾರಂಟಿ ಕೊಡಲಾರೆ ಅಂತ ಹೇಳಿಯೇ ಕೀ ಕೊಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹಾಗಾದ್ರೆ ಇದನ್ನ ಕೊಟ್ಟು ಮತ್ತೆ ಪೆಟ್ರೋಲ್ ತಗೊಳ್ಲಾ?"

ಅವರಿಗೂ ಒಂದು ನೋಟ್‌ಬುಕ್ ಕೊಟ್ಟು ಕಳಿಸಿದೆ. ಮೊನ್ನೆ ತಂದಿದ್ದರು. ಮೊದಲ ಸಾಲಿನಲ್ಲಿ ಹೀಗಿತ್ತು: "ಗ್ಯಾರೇಜಿನಿಂದ ಮನೆಗೆ. 3 ಕಿ.ಮೀ. ಖಾಲಿ."